ಮೊದಲ ಸೊಪ್ಪು ಹಾಕುವ ಕೈಯ ಬಗ್ಗೆ

ಓದುವವರ ಅವಗಾಹನೆಗೆ ಮೊದಲಿಗೇ ತರಬಯಸುವುದೇನೆಂದರೆ, ನಾನು ಇದುವರೆಗೆ ಕಚೇರಿಯ ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದವಳಲ್ಲ. ದೊಡ್ಡಬಳ್ಳಾಪುರದ ಒಂದು ಕಚೇರಿಯಲ್ಲಿ ಒಂಬತ್ತು ವರ್ಷಗಳಿಂದ ಪತ್ರಗಳನ್ನು ಸಿದ್ಧಪಡಿಸುವ ಕೆಲಸದಲ್ಲಿದ್ದೇನೆ. ವಿಷಯವನ್ನು ಮೊದಲು ತಿಳಿಸಿ ಆನಂತರ ವಿವರಕ್ಕೆ ಹೋಗಬೇಕು ಎಂಬುದು ಅಲ್ಲಿ ರೂಢಿಯಾದ ಕ್ರಮ. ಅದರಂತೆ ವಿಷಯ ಇಷ್ಟು: ಮದುವೆಗೆ ಮುಂಚೆ ಗಂಡಿನ ಸಂಗ ಮಾಡಿದ ಹೆಣ್ಣು ಯಾರೆಂಬುದು ಆಕೆಯ ಕೈಯಿಂದ ತಿಳಿಯುತ್ತದೆ ಎಂದು ನಮ್ಮ ಮನೆಯಲ್ಲಿ ನಂಬಲಾಗಿತ್ತು. ನಾನೂ ನಂಬಿದ್ದೆ. ಸದರಿ ನಂಬಿಕೆಯ ಕಾರಣದಿಂದ ನನ್ನ ತಮ್ಮನ ಹೆಂಡತಿ ಮದುವೆಯಾದ ವಾರದೊಳಗೆ ತವರಿಗೆ ಹಿಂದಿರುಗುವ ಪರಿಸ್ಥಿತಿ ಉಂಟಾಯಿತು. ಇಲ್ಲಿ ಯಾರ ಹೆಸರನ್ನೂ ಬರೆದಿಲ್ಲ. ಆಕೆಯ ಬಗ್ಗೆ ಬರೆಯಲು ಆಕೆಯ ಒಪ್ಪಿಗೆಯನ್ನು ಪಡೆದಿದ್ದೇನೆ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಅಂಗಳದಲ್ಲಿ ನಿಂತರೆ ಮಾಕಳಿದುರ್ಗದ ಬೆಟ್ಟ ಕಾಣುತ್ತದೆ. ಹಿತ್ತಲಿಗೆ ಹೊಂದಿಕೊಂಡು ಹುಳುವಿನ ಮನೆ ಇದೆ. ಉದ್ದನೆಯ ಒಂದೇ ಕೋಣೆ, ಕಿಟಕಿಗಳಿಗೆ ಹಸಿರು ಬಲೆ, ಒಳಗೆ ಐದು ಅಂತಸ್ತಿನ ಸ್ಟ್ಯಾಂಡುಗಳು. ಒಳಗೆ ಹೋಗುವವರು ಬಾಗಿಲ ಬಳಿ ಚಪ್ಪಲಿ ಬಿಟ್ಟು, ಸುಣ್ಣದ ಪುಡಿಯನ್ನು ತುಳಿದು, ಸೋಪು ಹಾಕಿ ಕೈ ತೊಳೆದೇ ಹೋಗಬೇಕು. ನಮ್ಮ ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚುವಂತಿಲ್ಲ, ಸೆಂಟು ಹಾಕುವಂತಿಲ್ಲ, ಒಗ್ಗರಣೆಯ ಘಾಟು ಆ ಕಡೆ ಹೋಗುವಂತಿಲ್ಲ. ಹುಳುವಿಗೆ ನಮಗಿಂತ ಸೂಕ್ಷ್ಮವಾದ ಮೈ. ಈ ನಿಯಮಗಳಿಗೆಲ್ಲ ಅರ್ಥವಿದೆ. ಅದೇ ಕಾರಣದಿಂದ, ಅರ್ಥವಿಲ್ಲದ ಇನ್ನೊಂದು ನಿಯಮವೂ ಇವುಗಳ ಜೊತೆಯಲ್ಲಿ ಯಾರ ಕಣ್ಣಿಗೂ ಬೀಳದೆ ಸೇರಿಕೊಂಡಿತ್ತು.

ಆ ನಿಯಮದ ವಿವರ ಹೀಗಿದೆ. ಮೊಟ್ಟೆಯೊಡೆಸಿ ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ತಂದ ಎಳೆಯ ಹುಳುಗಳಿಗೆ ನಮ್ಮ ಮನೆಯ ಮೊದಲ ಹಿಪ್ಪುನೇರಳೆ ಸೊಪ್ಪನ್ನು ಮದುವೆಯಾಗದ ಹೆಣ್ಣುಮಗಳು ಹಾಕಬೇಕು. ಮನೆಗೆ ಹೊಸದಾಗಿ ಸೊಸೆ ಬಂದರೆ, ಪ್ರಸ್ತದ, ಅಂದರೆ ಮೊದಲ ರಾತ್ರಿಯ, ಮರುದಿನ ಬೆಳಿಗ್ಗೆ ಆಕೆ ಹಾಕಬೇಕು. ಹಾಕಿದ ಸೊಪ್ಪಿನ ಮೇಲಕ್ಕೆ ಹುಳುಗಳು ಹತ್ತಿಬಂದರೆ ಕೈ ಚೊಕ್ಕಟ. ಹತ್ತದಿದ್ದರೆ ಏನು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಮಾತ್ರ ಕಣ್ಣು ಕಿರಿದು ಮಾಡಿ, "ಮನುಷ್ಯರ ಕಣ್ಣಿಗೆ ಮಣ್ಣೆರಚಬೋದು ಮಗಾ, ಹುಳದ ಮುಂದೆ ಆಗಲ್ಲ" ಎನ್ನುತ್ತಿದ್ದರು. ಹದಿನಾಲ್ಕನೇ ವಯಸ್ಸಿನಿಂದ ಮೊದಲ ಸೊಪ್ಪು ನನ್ನದೇ ಕೈಯಿಂದ ಬೀಳುತ್ತಿತ್ತು. ತಂದೆಯವರು ತೀರಿಕೊಂಡ ಮೇಲೂ ಈ ಪದ್ಧತಿ ಮುಂದುವರಿಯಿತು.

ಇಪ್ಪತ್ತಾರನೇ ವಯಸ್ಸಿನಲ್ಲಿ ನಾನು ಒಬ್ಬರನ್ನು ಇಷ್ಟಪಟ್ಟೆ. ಬೇರೊಂದು ಕಚೇರಿಯಲ್ಲಿದ್ದ ಅವರು ಊರಿನ ಮಗ್ಗದ ಬೀದಿಯಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದರು. ಒಂದು ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋದೆ. ನಡೆದದ್ದು ಇಬ್ಬರ ಒಪ್ಪಿಗೆಯಿಂದ ಎಂಬುದನ್ನು ಸ್ಪಷ್ಟಪಡಿಸುತ್ತೇನೆ. ಅವರು ಎರಡು ಬಾರಿ ಕೇಳಿದರು. ಎರಡು ಬಾರಿಯೂ ನಾನು ಹೂಂ ಎಂದೆ. ಗೋಡೆಯಾಚೆ ಇಡೀ ಬೀದಿಯ ಮಗ್ಗಗಳು ಎದೆಗೆ ಬಡಿಯುವಂತೆ ಓಡುತ್ತಿದ್ದವು. ನಡುವೆ ಕರೆಂಟು ಹೋಯಿತು. ಅಷ್ಟೂ ಮಗ್ಗಗಳು ಒಮ್ಮೆಗೇ ನಿಂತವು. ಆ ನಿಶ್ಶಬ್ದದಲ್ಲಿ ಬೀದಿಗೆ ಬೀದಿಯೇ ಗೋಡೆಗೆ ಕಿವಿಯಿಟ್ಟು ನಿಂತಿದೆ ಎನಿಸಿ ನಾವಿಬ್ಬರೂ ಉಸಿರು ಬಿಗಿಹಿಡಿದೆವು.

"ಕರೆಂಟಿನವರಿಗೂ ಇವತ್ತೇ ಟೈಮ್ ಸಿಕ್ತಾ?" ಎಂದು ಅವರು ಪಿಸುಗುಟ್ಟಿದರು. ನಾನು ನಕ್ಕುಬಿಟ್ಟೆ. ನನ್ನ ಮೊದಲ ಅನುಭವದಲ್ಲಿ ಇಂದಿಗೂ ಸ್ಪಷ್ಟವಾಗಿ ನೆನಪಿರುವುದು ಆ ನಗು.

ಕೇಳಿಸಿಕೊಂಡು ಬೆಳೆದದ್ದು ಯಾವುದೂ ಅಲ್ಲಿ ಆಗಲಿಲ್ಲ. ರಕ್ತ ಬರಲಿಲ್ಲ. ನಡಿಗೆ ಬದಲಾಗಲಿಲ್ಲ. ಬಸ್ ನಿಲ್ದಾಣದ ಹೋಟೆಲಿನ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡೆ. ಬೆಳಿಗ್ಗೆ ಮನೆಯಿಂದ ಹೊರಟಿದ್ದ ಮುಖವೇ ಇತ್ತು. ಒಂದು ಬಾಗಿಲು ಮುರಿದುಹೋಗುತ್ತದೆ ಎಂದು ಎಲ್ಲರೂ ಹೇಳಿದ್ದ ಕಡೆ ಬಾಗಿಲೇ ಇರಲಿಲ್ಲ. ಸಮಾಧಾನವಾಗಬೇಕಿತ್ತು. ಆದರೆ ಭಯವಾಯಿತು. ಮೈ ಏನನ್ನೂ ತೋರಿಸುತ್ತಿಲ್ಲವೆಂದರೆ ಬೇರೆ ಯಾವುದೋ ತೋರಿಸಲು ಕಾದಿರಬೇಕು ಎಂದುಕೊಂಡೆ.

ಸಂಜೆ ಐದಕ್ಕೆ ಮನೆ ತಲುಪಿದೆ. ಅಮ್ಮ ಹಿತ್ತಲಿನಿಂದಲೇ, "ಹುಳ ಒಂದ್ಸಾರಿ ನೋಡ್ಬುಟ್ಟು ಬಾರೆ" ಎಂದರು. ಕೈ ತೊಳೆದು ಒಳಗೆ ಹೋದೆ. ಹುಳು ಇರುವ ದಿನಗಳಲ್ಲಿ ಆ ಕೋಣೆಯಲ್ಲಿ ಒಣ ಕಾಗದವನ್ನು ಯಾರೋ ನಿಧಾನವಾಗಿ ಹರಿಯುತ್ತಿರುವಂತಹ ಸದ್ದು ಇರುತ್ತದೆ; ಹುಳುಗಳು ಸೊಪ್ಪು ತಿನ್ನುವ ಸದ್ದು. ಅಂದು ಸದ್ದಿರಲಿಲ್ಲ. ಐದು ಅಂತಸ್ತುಗಳಲ್ಲಿ ಸಾವಿರಾರು ಹುಳುಗಳು ಅರ್ಧ ಮೈ ಮೇಲೆತ್ತಿ, ತಲೆಯನ್ನು ಸ್ವಲ್ಪ ಬಾಗಿಸಿ, ಒಂದೂ ಅಲುಗಾಡದೆ ಕೂತಿದ್ದವು. ನನಗೆ ಅದರ ಕಾರಣ ಗೊತ್ತಿತ್ತು. ಪೊರೆ ಬಿಡುವ ಮುನ್ನ ಹುಳು ಒಂದು ದಿನ ಸೊಪ್ಪು ಬಿಟ್ಟು ಹೀಗೆ ಕೂರುತ್ತದೆ. ನಾವು ಅದನ್ನು ಜ್ವರ ಎನ್ನುತ್ತೇವೆ. ಚಿಕ್ಕಂದಿನಿಂದ ನೂರಾರು ಬಾರಿ ನೋಡಿದ್ದ ದೃಶ್ಯ. ಆದರೂ ಅಂದು ಅಷ್ಟೂ ತಲೆಗಳು ನಾನು ಬರುವುದನ್ನೇ ಕಾದು ಎತ್ತಿಕೊಂಡಂತೆ ಕಂಡವು. ಹಿಮ್ಮುಖವಾಗಿ ಹೆಜ್ಜೆಯಿಟ್ಟು ಹೊರಗೆ ಬಂದೆ. ಬೆನ್ನು ತೋರಿಸುವ ಧೈರ್ಯವಿರಲಿಲ್ಲ.

ಮರುದಿನ ಹುಳುಗಳು ಜ್ವರದಿಂದ ಎದ್ದವು. ನಾನು ಹಾಕಿದ ಸೊಪ್ಪನ್ನು ಹಸಿದು ತಿಂದವು. ಆ ಬೆಳೆ ಚೆನ್ನಾಗಿ ಬಂತು. ಮುಂದಿನ ಬೆಳೆಗೂ ನನ್ನ ಕೈಯೇ ಮೊದಲ ಸೊಪ್ಪು ಹಾಕಿತು, ಅದರ ಮುಂದಿನದಕ್ಕೂ. ನಾಲ್ಕು ವರ್ಷ ಹೀಗೆಯೇ ನಡೆಯಿತು. ಈ ನಡುವೆ ಮಗ್ಗದ ಬೀದಿಯ ಕೋಣೆಯಲ್ಲಿದ್ದ ಅವರಿಗೆ ವರ್ಗವಾಯಿತು, ಬೇರೆ ಕಡೆ ಮದುವೆಯಾಯಿತು; ಅವರ ಮೇಲೆ ನನ್ನ ದೂರೇನೂ ಇಲ್ಲ. ಪ್ರತಿ ಬೆಳೆಯಲ್ಲೂ ಹುಳುಗಳು ಸೊಪ್ಪಿಗೆ ಹತ್ತುವ ತನಕ ನಾನು ಸ್ಟ್ಯಾಂಡಿನ ಮುಂದಿನಿಂದ ಕದಲುತ್ತಿರಲಿಲ್ಲ. ಹತ್ತಿದ ಮೇಲೆ, ಇವು ಈ ಸಲ ನನ್ನನ್ನು ಬಿಟ್ಟುಕೊಟ್ಟಿಲ್ಲ ಅಷ್ಟೇ ಎಂದುಕೊಳ್ಳುತ್ತಿದ್ದೆ. ನಂಬಿಕೆ ಸುಳ್ಳು ಎಂದು ಒಮ್ಮೆಯೂ ಅಂದುಕೊಳ್ಳಲಿಲ್ಲ. ಸಾಕ್ಷ್ಯ ಕಣ್ಣೆದುರಿಗೇ ಇದ್ದರೂ ತೀರ್ಮಾನಕ್ಕೆ ಬರಲು ನನಗೆ ಇನ್ನೊಬ್ಬಳ ಸಂಕಟ ಬೇಕಾಯಿತು ಎಂಬುದನ್ನು ವಿಷಾದದಿಂದ ತಿಳಿಸುತ್ತೇನೆ.

ತಮ್ಮ ಏರ್‌ಪೋರ್ಟಿನಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಅವನಿಗೆ ಹೊಸಕೋಟೆ ಕಡೆಯ ಹುಡುಗಿ ಗೊತ್ತಾದಳು. ಇಪ್ಪತ್ತನಾಲ್ಕು ವರ್ಷ, ಕಾರ್ಖಾನೆಯಲ್ಲಿ ದುಡಿದವಳು, ಮಾತು ಕಡಿಮೆ. ಬೀಗರ ಮನೆ ಚಿಕ್ಕದಾದ ಪ್ರಯುಕ್ತ ಪ್ರಸ್ತವನ್ನು ನಮ್ಮಲ್ಲಿಯೇ ಏರ್ಪಡಿಸಲಾಗಿತ್ತು. ಅಂದು ಸಂಜೆ ಆಕೆಗೆ ಹೂ ಮುಡಿಸುವಾಗ ನೋಡಿದೆ, ತೋಳುಗಳ ತುಂಬ ಸೊಳ್ಳೆ ಕಚ್ಚಿದ ಗುಳ್ಳೆಗಳು.

"ನಿಮ್ಮೂರ ಸೊಳ್ಳೆ ನನ್ನನ್ನ ಹೊಸಬಳು ಅಂತ ಕಂಡ್ಹಿಡಿದ್ಬಿಟ್ಟಿದಾವೆ ಅಕ್ಕ" ಎಂದಳು.

ಕಚೇರಿಗೆಂದು ನಾನು ಕೈಚೀಲದಲ್ಲಿ ಸೊಳ್ಳೆ ಕ್ರೀಮಿನ ಒಂದು ಟ್ಯೂಬ್ ಇಟ್ಟುಕೊಂಡಿರುತ್ತಿದ್ದೆ. ಅದನ್ನು ಮನೆಯೊಳಗೆ ತೆಗೆಯುವಂತಿರಲಿಲ್ಲ. ಕನಿಕರದಿಂದ ಆಕೆಯ ಕೈಗೆ ಕೊಟ್ಟು, "ಯಾರಿಗೂ ತೋರಿಸ್ಬೇಡ. ಬೇಕಾದಾಗ ಹಚ್ಕೊ" ಎಂದೆ. ಹುಳುವಿಗೆ ಅದು ವಿಷ ಎಂಬುದು ನನಗೆ ಗೊತ್ತಿತ್ತು, ಆಕೆಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ಕೈ ತೊಳೆಯುತ್ತಾಳಲ್ಲ ಎಂದು ನಾನು ನಿರಾಳವಾಗಿದ್ದೆ.

ಬೆಳಿಗ್ಗೆ ಸ್ನಾನವಾದ ಮೇಲೆ ಆಕೆ ಕ್ರೀಮನ್ನು ಮತ್ತೊಮ್ಮೆ ಹಚ್ಚಿಕೊಂಡಿದ್ದಳು. ಹುಳುವಿನ ಮನೆಯ ಬಾಗಿಲಲ್ಲಿ ನಾವೆಲ್ಲ ಕೈ ತೊಳೆದೆವು. ಆಕೆ ಸೋಪಿಗೆ ಕೈ ಚಾಚಿದಾಗ ದೊಡ್ಡಮ್ಮ ತಡೆದರು.

"ಅಯ್ಯೋ, ಮದುವೆ ಅರಿಶಿನದ ಕೈ ಕಣಮ್ಮ! ಅದನ್ನ ಸೋಪಲ್ಲಿ ತೊಳೀತಾರಾ? ಹಂಗೇ ಬಾ."

ನಾನು ಹಿಂದೆ ಸೊಪ್ಪಿನ ಬುಟ್ಟಿ ಹೊತ್ತು ನಿಂತಿದ್ದೆ. ಆ ಮಾತು ಕೇಳಿಸಿತು. ಅದರ ಅರ್ಥ ತಲೆಗೆ ಹೋಗುವಷ್ಟರಲ್ಲಿ ಆಕೆ ಮೊದಲನೇ ಸ್ಟ್ಯಾಂಡಿನ ಮೇಲಂತಸ್ತಿಗೆ ಸೊಪ್ಪು ಹರಡಿಯಾಗಿತ್ತು. ಉಳಿದ ಸ್ಟ್ಯಾಂಡುಗಳಿಗೆ ಅಮ್ಮ ಮತ್ತು ನಾನು ಹಾಕಿದೆವು.

ಮೊದಲು ಹುಳುಗಳು ಸೊಪ್ಪಿಗೆ ಹತ್ತಿದವು. ದೊಡ್ಡಮ್ಮ ನಗುತ್ತಾ ಸೊಸೆಯ ಗಲ್ಲ ಸವರಿದರು. ಅನಂತರ ಒಂದು ಹುಳು ತಲೆಯನ್ನು ಅತ್ತಿತ್ತ ಬೀಸತೊಡಗಿತು. ಪಕ್ಕದ್ದೂ ಬೀಸಿತು. ಸ್ವಲ್ಪ ಹೊತ್ತಿಗೆ ಇಡೀ ಅಂತಸ್ತು ಬೇಡ ಬೇಡ ಎನ್ನುವಂತೆ ತಲೆಯಾಡಿಸುತ್ತಿತ್ತು. ಬಾಯಿಂದ ಹಸಿರು ನೀರು ಕಾರಿದವು, ಮೈ ಮುದುರಿಕೊಂಡವು, ಕೊಕ್ಕೆಯಂತೆ ಬಾಗಿ ಮಲಗಿದವು. ಯಾವ ಸದ್ದೂ ಇರಲಿಲ್ಲ. ಪಕ್ಕದ ಸ್ಟ್ಯಾಂಡಿನ ಹುಳುಗಳು ಮಾತ್ರ ಏನೂ ಆಗಿಲ್ಲವೆಂಬಂತೆ ತಿನ್ನುತ್ತಲೇ ಇದ್ದವು. ಆಕೆ ತನ್ನ ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು, ಅವು ಬೇರೆ ಯಾರದೋ ಕೈಗಳೆಂಬಂತೆ ನೋಡುತ್ತಿದ್ದಳು.

ಅಮ್ಮ ಮೂರ್ಖಳಲ್ಲ. ಪಕ್ಕದ ದ್ರಾಕ್ಷಿ ತೋಟಕ್ಕೆ ಹೊಡೆದ ಔಷಧಿ ನಮ್ಮ ಸೊಪ್ಪಿಗೆ ತಾಗಿರಬೇಕೆಂದು ಮೊದಲು ಅನುಮಾನಿಸಿದರು. ಆದರೆ ಸೊಪ್ಪು ಒಂದೇ ಬುಟ್ಟಿಯದು, ಹುಳು ಒಂದೇ ಕೇಂದ್ರದ್ದು. ಬೇರೆಯಾಗಿದ್ದದ್ದು ಕೈ ಮಾತ್ರ. ಇಷ್ಟರವರೆಗೆ ಅಮ್ಮನ ವಿಚಾರಣೆಯಲ್ಲಿ ಒಂದು ದೋಷವೂ ಇರಲಿಲ್ಲ. ಮುಂದಿನ ಒಂದು ಹೆಜ್ಜೆಯನ್ನು ದೊಡ್ಡಮ್ಮ ಇಟ್ಟರು.

"ಕೈ ಸರಿ ಇಲ್ಲ ಕಣೇ. ಇನ್ನೇನು ಬಿಡಿಸಿ ಹೇಳ್ಲಿ? ಭಾನುವಾರ ಅವರ ಕಡೆ ಹಿರೀಕರನ್ನ ಕರ್ಸು. ಮಾತಾಡಿ ಕಳ್ಸಿಬಿಡಿ."

ಆ ಕ್ಷಣದಲ್ಲಿ ಕ್ರೀಮಿನ ವಿಷಯವನ್ನು ನಾನು ಹೇಳಬೇಕಿತ್ತು. ಹೇಳಲಿಲ್ಲ. ಕೈಯ ಬಗ್ಗೆ ಮಾತು ಶುರುವಾದರೆ ದೊಡ್ಡಮ್ಮನ ಕಣ್ಣು ನನ್ನ ಕೈಯ ಕಡೆಗೂ ತಿರುಗುತ್ತದೆಂಬ ಭಯ. ತಮ್ಮನನ್ನು ಕೇಳಿದಾಗ ಅವನು ಮೊಬೈಲಿನಿಂದ ತಲೆಯೆತ್ತದೆ, "ನನಗೇನ್ ಗೊತ್ತು ಹುಳದ್ ವಿಷ್ಯ? ಅಮ್ಮ ಹೇಳ್ದಂಗೆ" ಎಂದು ಬಾಡಿಗೆಗೆ ಹೊರಟುಹೋದ. ಒಂದು ಹಗಲು, ಒಂದು ರಾತ್ರಿ ಹೀಗೆ ಕಳೆಯಿತು. ಆಕೆ ಉಣ್ಣಲಿಲ್ಲ. ಮನೆಯೊಳಗೆ ಯಾವ ಪಾತ್ರೆಯನ್ನೂ ಮುಟ್ಟದೆ, ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಓಡಾಡುತ್ತಿದ್ದಳು.

ಮರುದಿನ ರಜೆ ಹಾಕಿ, ಬೆಳಿಗ್ಗೆ ಅಮ್ಮ ತೋಟಕ್ಕೆ ಹೋದ ಮೇಲೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಆಕೆಯನ್ನು ಕಂಡೆ. ಕಲ್ಲಿಗೆ ಅಂಗೈ ಉಜ್ಜುತ್ತಿದ್ದಳು. ಚರ್ಮ ಕೆಂಪಾಗಿತ್ತು.

"ತಪ್ಪು ನಂದು ಕಣಮ್ಮ. ಆ ಕ್ರೀಮಿಂದ ಸತ್ತಿದ್ದು ಹುಳ. ಅಮ್ಮ ಬಂದ ತಕ್ಷಣ ಹೇಳ್ತೀನಿ" ಎಂದೆ.

ಆಕೆ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಬೇಡ ಅಕ್ಕ. ಹುಳ ಸುಳ್ಳು ಹೇಳಿಲ್ಲ."

"ಅಂದ್ರೆ?" ಎಂದೆ.

"ಫ್ಯಾಕ್ಟರೀಲಿ ಒಬ್ರಿದ್ರು. ಎರಡು ವರ್ಷದ ಹಿಂದೆ. ಮದುವೆ ಆಗ್ತೀವಿ ಅಂದ್ಕೊಂಡಿದ್ವಿ, ಆಗ್ಲಿಲ್ಲ. ಇವ್ರಿಗೂ ಗೊತ್ತಾಗ್ಲಿಲ್ಲ, ನಮ್ಮಮ್ಮಂಗೂ ಗೊತ್ತಾಗ್ಲಿಲ್ಲ. ನಿಮ್ ಹುಳಕ್ಕೆ ಗೊತ್ತಾಗ್ಬಿಡ್ತು. ನಾನು ಇವತ್ತು ಇವ್ರಿಗೆ ಹೇಳ್ಬಿಟ್ಟು ಹೊರಟ್ಹೋಗ್ತೀನಿ."

ಕ್ರೀಮಿನ ಬಗ್ಗೆ ಗೊತ್ತಿದ್ದ ನನಗೂ ಒಂದು ಗಳಿಗೆ, ಹಾಗಾದರೆ ನಿಜವೇ ಇರಬಹುದು ಎನಿಸಿಬಿಟ್ಟಿತು. ಬಲೆಯ ಕಿಟಕಿಯ ಹಿಂದೆ ಆ ಹುಳುಗಳು ಕೇಳಿಸಿಕೊಳ್ಳುತ್ತಿವೆ ಎನಿಸಿತು. ನಾಲ್ಕು ವರ್ಷದಿಂದ ನನ್ನನ್ನು ಹಿಡಿದಿದ್ದ ಹೆದರಿಕೆಯನ್ನು ನಾನು ಬೇರೊಬ್ಬಳ ಮುಖದಲ್ಲಿ ಮೊದಲ ಬಾರಿಗೆ ಕಂಡೆ. ಅದು ಎಷ್ಟು ವ್ಯರ್ಥವಾದದ್ದು ಎಂದು ಆಗ ತಿಳಿಯಿತು.

"ಹಾಗಾದ್ರೆ ನನ್ನ ಬಗ್ಗೆ ಯಾಕೆ ಹೇಳಿಲ್ಲ ಅವು?" ಎಂದೆ.

ಆಕೆ ತಲೆಯೆತ್ತಿ ನೋಡಿದಳು. ಮಗ್ಗದ ಬೀದಿಯ ಕೋಣೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಬೇರೆ ಯಾರಿಗೂ ಅದುವರೆಗೆ ಹೇಳಿರಲಿಲ್ಲ. ಆಕೆಗೆ ನಂಬಿಕೆ ಬರಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೀರಿ ಎಂದಳು. ಆದಕಾರಣ ಪರೀಕ್ಷೆಯನ್ನೇ ಮಾಡಿಬಿಡೋಣ ಎಂದೆ.

ಹುಳುವಿನ ಮನೆಯಿಂದ ಹತ್ತು ಹುಳುಗಳನ್ನು ತಂದು ಎರಡು ಸ್ಟೀಲ್ ತಟ್ಟೆಗಳಲ್ಲಿ ಐದೈದು ಬಿಟ್ಟೆ. ನನ್ನ ಬೆರಳಿಗೆ ಕ್ರೀಮು ಸವರಿಕೊಂಡು ಒಂದು ಎಲೆಯನ್ನು ಮುಟ್ಟಿ ಮೊದಲ ತಟ್ಟೆಗೆ ಹಾಕಿದೆ. ಆಕೆ ಸೋಪಿನಲ್ಲಿ ಮೂರು ಸಲ ಕೈ ತೊಳೆದು ಎರಡನೆಯದಕ್ಕೆ ಎಲೆ ಹಾಕಿದಳು. ಇಬ್ಬರೂ ಕಲ್ಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತೆವು. ನನ್ನ ತಟ್ಟೆಯ ಹುಳುಗಳು ತಲೆ ಬೀಸತೊಡಗಿದವು. ಒಂದೊಂದಾಗಿ ಹಸಿರು ಕಾರಿ ಮುದುರಿದವು. ಅವು ಸಾಯುವುದನ್ನು ಕಣ್ಣು ಮಿಟುಕಿಸದೆ ನೋಡಿದೆವು. ಆ ಐದು ಜೀವಗಳ ಲೆಕ್ಕ ನನ್ನ ಮೇಲಿದೆ. ಆಕೆಯ ತಟ್ಟೆಯಲ್ಲಿ ಎಲೆಯ ಅಂಚಿನಲ್ಲಿ ಸಣ್ಣದೊಂದು ಕಚ್ಚು ಕಾಣಿಸಿತು. ಅದು ಅರ್ಧಚಂದ್ರದಷ್ಟಾಯಿತು. ಇನ್ನೊಂದು ಹುಳು ಬಂದು ಸೇರಿಕೊಂಡಿತು.

ಎಲೆ ಅರ್ಧ ಮುಗಿದಾಗ ಆಕೆ, "ಅಂದ್ರೆ ಕೆಟ್ಟಿರೋದು ನಾನಲ್ಲ, ನಿಮ್ ಸೊಳ್ಳೆ ಕ್ರೀಮು" ಎಂದಳು. ನಗಲು ಹೋಗಿ ಅತ್ತುಬಿಟ್ಟಳು.

ಅಮ್ಮ ತೋಟದಿಂದ ಬಂದೊಡನೆ ಟ್ಯೂಬನ್ನು ಮುಂದಿಟ್ಟು ನಡೆದದ್ದನ್ನು ಹೇಳಿದೆ. ಕ್ರೀಮಿನ ವಿಷಯ ಮಾತ್ರ. ಅಮ್ಮ ಟ್ಯೂಬನ್ನು ಮೂಸಿ ನೋಡಿ, ನನ್ನ ಬೆನ್ನಿಗೆ ಒಂದು ಗುದ್ದಿದರು.

"ಮನೆಹಾಳಿ! ಹುಳ ಸಾಕೋ ಮನೇಲಿ ಇದನ್ನ ಇಟ್ಕೊಂಡಿದ್ಯಾ? ಓದಿದ್ದು ದಂಡ!"

ಆಮೇಲೆ ಬಾಗಿಲ ಹಿಂದೆ ನಿಂತಿದ್ದ ಸೊಸೆಯನ್ನು ನೋಡಿ ಧ್ವನಿ ತಗ್ಗಿಸಿದರು. "ಸರಿ ಬಿಡು. ಮುಂದಿನ ಬೆಳೆಗೆ ಕೈ ತೊಳ್ಕೊಂಡು ಇನ್ನೊಂದ್ಸಾರಿ ಹಾಕಮ್ಮ. ಆಗ ಗೊತ್ತಾಗುತ್ತೆ."

ಅಮ್ಮ ಅದನ್ನು ಪ್ರೀತಿಯಿಂದಲೇ ಹೇಳಿದ್ದು. ಆದರೆ ಆಕೆಯ ಮುಖಕ್ಕೆ ಬಂದಿದ್ದ ಕಳೆ ಹಾಗೆಯೇ ಇಳಿದುಹೋಯಿತು. ಆಕೆಗೆ ಕಂಡದ್ದು ನನಗೂ ಕಂಡಿತು. ಹುಳುವಿಗೆ ರೋಗ ಬರುವುದು ಹೊಸದಲ್ಲ. ಬಿಸಿಲು ಹೆಚ್ಚಾದರೆ, ಥಂಡಿ ಹೆಚ್ಚಾದರೆ, ಸೊಪ್ಪು ಒದ್ದೆಯಾದರೆ ಬರುತ್ತದೆ. ಮುಂದಿನ ಬೆಳೆಗೆ ಬರದಿದ್ದರೆ ಅದರ ಮುಂದಿನದಕ್ಕೆ ಬರುತ್ತದೆ. ಬಂದ ದಿನ ಈಕೆ ಮತ್ತೆ ಕಲ್ಲಿಗೆ ಅಂಗೈ ಉಜ್ಜುತ್ತಾಳೆ. ಕ್ರೀಮನ್ನು ತಪ್ಪಿತಸ್ಥನನ್ನಾಗಿ ಮಾಡಿ ನಾನು ಈಕೆಯನ್ನು ಬಿಡಿಸಿದ್ದೆ, ಆದರೆ ಪರೀಕ್ಷೆಯನ್ನು ಹಾಗೆಯೇ ಉಳಿಸಿದ್ದೆ. ಪರೀಕ್ಷೆ ಉಳಿದರೆ ಈಕೆ ಪಾಸಾಗುವುದಕ್ಕೆ ಕೊನೆಯಿಲ್ಲ.

"ಬೇಡಮ್ಮ" ಎಂದೆ. "ಅದ್ರಿಂದ ಏನೂ ಗೊತ್ತಾಗಲ್ಲ. ನಾಲ್ಕು ವರ್ಷದಿಂದ ನನ್ನ ಕೈ ನೋಡ್ತಾನೇ ಇದೀಯಲ್ಲ. ನಿಂಗೇನಾದ್ರೂ ಗೊತ್ತಾಯ್ತಾ?"

ಅಮ್ಮ ನನ್ನನ್ನು ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ. ಒಂದು ಪತ್ರವನ್ನು ಮೇಲಿಂದ ಕೆಳಗಿನವರೆಗೆ ಓದಿ, ಮತ್ತೆ ಮೇಲಿನಿಂದ ಓದುವವರಂತೆ ಅವರ ಕಣ್ಣು ನನ್ನ ಮೇಲೆ ಓಡಾಡಿತು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಚೆಲ್ಲುವ ಸದ್ದು ಕೇಳಿಸಿತು. ಮೂವರಲ್ಲಿ ಯಾರೂ ಎದ್ದು ಹೋಗಲಿಲ್ಲ.

"ಯಾರಿಗಾದ್ರೂ ಗೊತ್ತಾ?" ಎಂದು ಕೇಳಿದರು.

"ನಿಮ್ಮಿಬ್ಬರಿಗೆ."

ಅಮ್ಮ ಎದ್ದು ಹೋಗಿ, ತನ್ನ ಮನೆಗೆ ಹಿಂದಿರುಗಿದ್ದ ದೊಡ್ಡಮ್ಮನಿಗೆ ಫೋನ್ ಮಾಡಿದರು. "ಹಿರೀಕರನ್ನ ಕರೆಸೋದು ಬೇಡ ಅಕ್ಕ. ಔಷಧಿ ತಾಗಿತ್ತು. ಹ್ಞೂಂ, ಕೈಗೇ ತಾಗಿತ್ತು. ನಿನ್ ಮಾತು ಕೇಳಿ ಕೈ ತೊಳೀದೇ ಇದ್ದಿದ್ದಕ್ಕೆ!" ಎಂದು ಕೂಗಿ ಫೋನ್ ಇಟ್ಟರು. ಅಂದಿನಿಂದ ನನ್ನೊಡನೆ ಮಾತು ನಿಲ್ಲಿಸಿದರು. ಆ ಬೆಳೆ ಮುಗಿಯುವವರೆಗೆ ಹುಳುವಿನ ಮನೆಯ ಬೀಗದ ಕೈಯನ್ನು ಸೊಂಟದಲ್ಲಿಯೇ ಇಟ್ಟುಕೊಂಡಿದ್ದರು. ಊಟಕ್ಕೆ ಬಡಿಸುವಾಗ ನನ್ನ ತಟ್ಟೆಯನ್ನು ಸ್ವಲ್ಪ ದೂರದಿಂದ ತಳ್ಳುತ್ತಿದ್ದರು. ನನ್ನದೇ ಮನೆಯಲ್ಲಿ ನಾನು ಗೋಡೆಯ ಪಕ್ಕದಲ್ಲೇ ನಡೆಯುವುದನ್ನು ಕಲಿತೆ.

ಆಕೆ ತನ್ನ ವಿಷಯವನ್ನು ತಮ್ಮನಿಗೆ ತಾನೇ ಹೇಳಿದಳು, ಕೆಲವು ವಾರಗಳ ನಂತರ, ಹೋಗುವುದಕ್ಕೆ ಅಲ್ಲ, ಇರುವುದಕ್ಕೆ. ಅವನು ಎರಡು ದಿನ ಗಾಡಿಯಲ್ಲಿಯೇ ಮಲಗಿದ. ಮೂರನೇ ದಿನ ಬಂದು, "ಊಟ ಇದ್ಯಾ?" ಎಂದ. ಅವರ ನಡುವಿನ ಉಳಿದ ಮಾತುಗಳು ನನ್ನ ವ್ಯಾಪ್ತಿಗೆ ಬರುವುದಿಲ್ಲ.

ಮುಂದಿನ ಬೆಳೆಯ ಹುಳು ಬಂದ ಬೆಳಿಗ್ಗೆ ಅಮ್ಮ ಸೊಸೆಯನ್ನು ಮಾತ್ರ ಕರೆದರು. ಆಕೆ ರೊಟ್ಟಿ ತಟ್ಟುತ್ತಾ ಕೂತಲ್ಲಿಂದಲೇ, "ಅಕ್ಕ ಬಂದ್ರೆ ಬರ್ತೀನಿ ಅತ್ತೆ" ಎಂದಳು. ಅಷ್ಟು ಉದ್ದದ ಮಾತನ್ನು ಆಕೆ ಅಮ್ಮನಿಗೆ ಎದುರಾಗಿ ಆಡಿದ್ದು ಅದೇ ಮೊದಲು.

ಅಮ್ಮ ಉತ್ತರಿಸದೆ ಒಬ್ಬರೇ ಹೋದರು. ಸೊಪ್ಪಿನ ಕಟ್ಟುಗಳನ್ನು ಎಳೆಯುವ ಸದ್ದು ಕೇಳಿಸುತ್ತಿತ್ತು. ಅವರ ಮಂಡಿ ಮೇಲಂತಸ್ತಿನ ಏಣಿ ಹತ್ತುವುದಿಲ್ಲ. ನಾನು ಕಚೇರಿಗೆ ಹೊರಡದೆ ಹಿತ್ತಲಲ್ಲಿ ನಿಂತೆ. ಹಸಿದ ಹುಳುಗಳು ಮೇಲೆ ಕಾದಿದ್ದವು. ಎಳೆಯುವ ಸದ್ದು ನಿಂತಿತು. ಅಮ್ಮ ಏಣಿ ಹತ್ತಲು ಹೋದರೋ ಏನೋ ಎಂದು ದಿಗಿಲಾಯಿತು.

ಅನಂತರ, ಯಾರನ್ನು ಎಂದು ಹೇಳದೆ, ಬಾಗಿಲಿಗೆ ಬೆನ್ನು ಮಾಡಿ ನಿಂತ ಅಮ್ಮನ ಧ್ವನಿ ಬಂತು.

"ಮೇಲಿನವಕ್ಕೆ ಸೊಪ್ಪು ಹಾಕ್ರೇ."

ಆಕೆ ಹಿಟ್ಟಿನ ಕೈಯಲ್ಲೇ ಎದ್ದಳು. ಇಬ್ಬರೂ ತೊಟ್ಟಿಯ ಬಳಿ ಹೋಗಿ ಕೈ ತೊಳೆಯಲು ನಿಂತೆವು.